ಕಾಫಿಯ ಯಂತ್ರವೂ ಕರಸ್ಥಲವೂ

ಹೋದ ಮಾಘಮಾಸದ ಒಂದು ಮುಂಜಾನೆ, ಮುರುಮ್ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಬೆಲ್ಲದ ಚಹಾ ಕುಡಿಯುತ್ತ ಕುಳಿತಿದ್ದಾಗ, ಕಚೇರಿಯ ಕೆಲಸವನ್ನು ಮನೆಯಿಂದಲೇ ಮಾಡುವ ನನ್ನ ಅಣ್ಣನ ಮಗನು ಅಡುಗೆಮನೆಯ ಕಟ್ಟೆಯ ಮೇಲಿರುವ ತನ್ನ ಎಸ್ಪ್ರೆಸೊ ಯಂತ್ರವನ್ನು ಹಸಿಬಟ್ಟೆಯಿಂದ ಒರೆಸುತ್ತ, “ಕಾಕಾ, ನನ್ನ ಕೈ ಈಗ ಛಲೋ ಕುಂತದ. ಆದ್ರ ಈ ಮಿಷಿನ್ ನನ್ನ ಕೈಗಿ ಸಾಲವಲ್ದು. ಹೊಸಾದು ತಗೋಬೇಕಂತೀನಿ. ತಗೋಳ್ಳೋದು ಬರೋಬರಿ ಆಗ್ತದೇನು?” ಎಂದು ಕೇಳಿದನು.

ಅವನು ಹಣವನ್ನು ಕೇಳಲಿಲ್ಲ. ತನಗೆ ಬೇಕಾದುದನ್ನು ತನ್ನ ದುಡಿಮೆಯಿಂದ ಕೊಳ್ಳುವ ಶಕ್ತಿ ಅವನಿಗುಂಟು. ಯಾವ ಯಂತ್ರ ಮೇಲು ಎಂದೂ ಕೇಳಲಿಲ್ಲ. ಆ ವಿಷಯದಲ್ಲಿ ಅವನ ಅರಿವು ನನ್ನದಕ್ಕಿಂತ ಬಹು ದೊಡ್ಡದು. ಅವನು ಕೇಳಿದುದು ‘ಬರೋಬರಿ’ಯೋ ಅಲ್ಲವೋ ಎಂಬುದನ್ನು, ಅಂದರೆ ಯುಕ್ತವೋ ಅಯುಕ್ತವೋ ಎಂಬುದನ್ನು. ಕಾಫಿಯ ಬಟ್ಟಲಿನಷ್ಟು ಸಣ್ಣದಾದ ಈ ಪ್ರಶ್ನೆಯ ಒಳಗೆ, ನಮ್ಮ ಹಿರಿಯರು ಸಾವಿರಾರು ವರ್ಷಗಳಿಂದ ತಮ್ಮನ್ನು ತಾವೇ ಕೇಳಿಕೊಂಡುಬಂದ ಒಂದು ದೊಡ್ಡ ಪ್ರಶ್ನೆ ಅಡಗಿಕೊಂಡಿದೆಯೆಂದು ನನಗೆ ಆ ಕ್ಷಣವೇ ತೋರಿತು. ನಮ್ಮ ಭಾಷೆಯಲ್ಲಿ ‘ಸಾಧನ’ವೆಂದರೆ ಕೈಯಲ್ಲಿ ಹಿಡಿಯುವ ಉಪಕರಣ, ‘ಸಾಧನೆ’ಯೆಂದರೆ ಆ ಕೈ ಪಡುವ ಶ್ರಮ ಮತ್ತು ಅದರ ಫಲ, ‘ಸಾಧಕ’ನೆಂದರೆ ಆ ಕೈಯುಳ್ಳವನು. ಒಂದೇ ಧಾತುವಿನಿಂದ ಹುಟ್ಟಿದ ಈ ಮೂರರಲ್ಲಿ, ಸಾಧನೆಯು ಮುಂದುವರಿದಂತೆಲ್ಲ ಸಾಧನವೂ ಬದಲಾಗತಕ್ಕುದೇ, ಅಥವಾ ಬದಲಾಗತಕ್ಕವನು ಸಾಧಕನೊಬ್ಬನೇ? ನಾನು ಅಂದೇ ಉತ್ತರ ಕೊಡಲಿಲ್ಲ. “ನೋಡೋಣಪ್ಪ” ಎಂದು ಹೇಳಿ, ಬಹಳ ದಿವಸ ಅದನ್ನೇ ಮನಸ್ಸಿನಲ್ಲಿ ತಿರುವಿಹಾಕಿದೆನು.

ಕಾಫಿ ನಮ್ಮ ಸೀಮೆಯ ಪಾನೀಯವಲ್ಲವೆಂಬುದನ್ನು ಮೊದಲೇ ಹೇಳಬೇಕು. ಉಮರ್ಗಾ, ನಿಲಂಗಾ, ಉದಗೀರ ಎಂಬ ಈ ಮೂರು ತಾಲೂಕುಗಳ ನೆಲ ಕಪ್ಪು ಎರೆಯದು. ಇಲ್ಲಿ ಬೆಳೆಯುವುದು ಜೋಳ, ತೊಗರಿ, ಈಚೆಗೆ ಸೋಯಾಬೀನು. ನಿಜಾಮನ ಕಾಲದಲ್ಲಿ ಉದಗೀರವೂ ನಿಲಂಗಾವೂ ಬೀದರ ಜಿಲ್ಲೆಗೆ ಸೇರಿದ್ದವು, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರವು ಮೈಸೂರಿಗೆ ಹೋಗಿ, ಇವು ಮುಂಬಯಿ ರಾಜ್ಯದ ಕಡೆಗೆ ಉಳಿದವು, 1960ರಿಂದ ಮಹಾರಾಷ್ಟ್ರವೆಂದಾಯಿತು. ಗೆರೆ ಎಳೆದವರು ಊರುಗಳನ್ನು ಹಂಚಿಕೊಂಡರೇ ಹೊರತು ಮನೆಗಳ ಮಾತನ್ನು ಹಂಚಲಾಗಲಿಲ್ಲ. ಆದುದರಿಂದ ಶಾಲೆಯಲ್ಲಿ ಮರಾಠಿಯನ್ನೂ ಒಲೆಯ ಮುಂದೆ ಕನ್ನಡವನ್ನೂ ಆಡುವ ಮನೆತನಗಳು ನಮ್ಮಲ್ಲಿ ಇಂದಿಗೂ ಉಂಟು. ಮನ್ಮಥಸ್ವಾಮಿಗಳ ‘ಪರಮರಹಸ್ಯ’ವನ್ನು ಮರಾಠಿಯಲ್ಲಿ ಪಾರಾಯಣ ಮಾಡಿ, ಶರಣರ ವಚನವನ್ನು ಕನ್ನಡದಲ್ಲಿ ನೆನೆಯುವ ಮುದುಕರನ್ನು ನಾನು ಬಲ್ಲೆ. ಉಮರ್ಗಾದಿಂದ ಹೈದರಾಬಾದಿನ ಹೆದ್ದಾರಿಯನ್ನು ಹಿಡಿದರೆ, ಗಡಿಯನ್ನು ದಾಟಿದ ಮೇಲೆ, ದಾರಿಯ ಮಗ್ಗುಲಲ್ಲೇ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ನಡೆದ ಅನುಭಾವದ ಮಾತುಕತೆ ನಮಗೆ ಪುಸ್ತಕದ ಸಂಗತಿಯಲ್ಲ, ನೆರೆಮನೆಯ ಸಂಗತಿ.

ಇಂಥ ಊರಿನಲ್ಲಿ ಚಹಾದ ಬಗೋಣಿಯ ಪಕ್ಕಕ್ಕೆ ಎಸ್ಪ್ರೆಸೊ ಯಂತ್ರ ಬಂದುದು 2020ರಲ್ಲಿ, ಮಹಾಮಾರಿಯ ಕಾರಣದಿಂದ ಪುಣೆಯ ಕಚೇರಿಗಳು ಮುಚ್ಚಿ ಹುಡುಗರೆಲ್ಲ ಊರಿಗೆ ಮರಳಿದಾಗ. ಎಸ್ಪ್ರೆಸೊ ಎಂಬುದರ ತತ್ತ್ವ ಸರಳವಾದುದು: ನುಣ್ಣಗೆ ಬೀಸಿದ ಕಾಫಿಪುಡಿಯನ್ನು ಒಂದು ಸಣ್ಣ ಜಾಲರಿಯ ಬಟ್ಟಲಿನಲ್ಲಿ ಒತ್ತಿ ಬಿಲ್ಲೆಯಾಗಿಸಿ, ಕುದಿಯುವುದಕ್ಕೆ ತುಸು ಕಡಿಮೆ ಬಿಸಿಯಾದ ನೀರನ್ನು ವಾಯುಮಂಡಲದ ಒತ್ತಡದ ಒಂಬತ್ತರಷ್ಟು ಒತ್ತಡದಿಂದ ಅದರ ಮೂಲಕ ಹಾಯಿಸುವುದು. ಹದಿನೆಂಟು ಗ್ರಾಂ ಪುಡಿಯಿಂದ ಮೂವತ್ತಾರು ಗ್ರಾಂ ರಸ, ಸುಮಾರು ಇಪ್ಪತ್ತೈದರಿಂದ ಮೂವತ್ತು ಸೆಕೆಂಡಿನಲ್ಲಿ ಇಳಿಯಬೇಕೆಂಬುದು ಬಲ್ಲವರ ಲೆಕ್ಕ. ಇಟಲಿಯ ಟ್ಯೂರಿನ್ ನಗರದಲ್ಲಿ ಆಂಜೆಲೊ ಮೊರಿಯೊಂಡೊ 1884ರಲ್ಲಿ ಇದರ ಮೊದಲ ಹಕ್ಕುಪತ್ರವನ್ನು ಪಡೆದನು; ಆ ಶತಮಾನ ಕಳೆದ ಮೇಲೆ 1901ರಲ್ಲಿ ಲುಯಿಜಿ ಬೆಜ್ಜೆರಾ ಅದನ್ನು ತಿದ್ದಿದನು; ಆದರೆ ಅವರ ಯಂತ್ರಗಳು ಆವಿಯ ಬಲವನ್ನೇ ನಂಬಿದ್ದುದರಿಂದ ಕಾಫಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಆವಿಯನ್ನು ಬಿಟ್ಟು ನೀರಿನ ಒತ್ತಡವನ್ನೇ ಹಿಡಿದವನು ಮಿಲಾನಿನ ಅಕಿಲ್ಲೆ ಗಾಜ್ಜಿಯಾ. ಅವನ ಸನ್ನೆಕೋಲಿನ ಯಂತ್ರದಿಂದಲೇ ಕಾಫಿಯ ಮೇಲೆ ಕ್ರೆಮಾ ಎಂಬ ಹೊನ್ನಿನ ಬಣ್ಣದ ನೊರೆ ಮೊದಲು ಕಾಣಿಸಿಕೊಂಡಿತು. ಈ ಯಂತ್ರಗಳೆಲ್ಲವೂ ಅಂಗಡಿಗಳವು. ಮನೆಯ ಕಟ್ಟೆಯ ಮೇಲೆ ಕೂಡುವ ಸಣ್ಣ ಯಂತ್ರವು ಬಹಳ ಈಚಿನದು. ಮತ್ತು ಅದು ಬಂದೊಡನೆ ‘ಇದಕ್ಕಿಂತ ಮೇಲಿನದು’ ಎಂಬ ಮಾತೂ ಜೊತೆಗೇ ಬಂತು.

ನನ್ನ ಅಣ್ಣನ ಮಗನು ಮೊದಲು ತರಿಸಿದುದು ತೀರ ಸಣ್ಣ ಯಂತ್ರ. ಅದರ ಜಾಲರಿಯ ಬಟ್ಟಲಿಗೆ ಎರಡು ತಳ: ಒಳಗಿನ ತಳದಲ್ಲಿ ನೂರಾರು ರಂಧ್ರಗಳು, ಹೊರಗಿನ ತಳದಲ್ಲಿ ಸೂಜಿಮೊನೆಯಷ್ಟರ ಒಂದೇ ಒಂದು ರಂಧ್ರ. ಪುಡಿಯನ್ನು ದಪ್ಪಗೆ ಬೀಸಿದರೂ, ಓರೆಯಾಗಿ ಒತ್ತಿದರೂ, ಒತ್ತುವುದನ್ನೇ ಮರೆತರೂ, ಆ ಒಂದು ಕಿಂಡಿಯೇ ನೀರನ್ನು ತಡೆದು ಒತ್ತಡವನ್ನುಂಟುಮಾಡಿ, ಹೊರಗೆ ಬರುವಾಗ ನೊರೆಯನ್ನೂ ಎಬ್ಬಿಸಿ ಕೊಡುವುದು. ಆದುದರಿಂದ ಮೊದಲನೆಯ ದಿನವೇ ಅವನ ಬಟ್ಟಲಿನ ಮೇಲೆ ಹೊನ್ನಿನ ನೊರೆ ನಿಂತಿತು. ಚಿಕ್ಕಮಗಳೂರಿನ ತೋಟದಿಂದ ಅಂಚೆಯಲ್ಲಿ ತರಿಸಿದ ಬೀಜವೂ, ಮಾರುಕಟ್ಟೆಯಲ್ಲಿ ಸಿಕ್ಕುವ ಹಳೆಯ ಪುಡಿಯೂ ಆ ಯಂತ್ರದಲ್ಲಿ ಹೆಚ್ಚುಕಡಿಮೆ ಒಂದೇ ರೂಪದ ಬಟ್ಟಲನ್ನು ಕೊಟ್ಟವು. ಎರಡು ವರ್ಷ ಅವನು ಸಂತೋಷದಿಂದಿದ್ದನು. ನಡುವೆ ಒಂದು ಸಲ ನೀರು ತೊಟ್ಟಿಕ್ಕತೊಡಗಿ ಯಂತ್ರ ಕೆಟ್ಟಿತೆಂದೇ ಅವನು ತಿಳಿದನು; ಬಿಚ್ಚಿ ನೋಡಿದರೆ ನಮ್ಮ ಕೊಳವೆಬಾವಿಯ ಗಡಸುನೀರಿನ ಸುಣ್ಣವು ಕೊಳವೆಯ ಒಳಮೈಗೆ ಹೊಪ್ಪಳಿಕೆಯಂತೆ ಹತ್ತಿಕೊಂಡಿತ್ತು. ಈ ಪ್ರದೇಶದ ನೀರಿನ ಕಷ್ಟವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. 2016ರ ಬೇಸಗೆಯಲ್ಲಿ ಲಾತೂರಿಗೆ ಮೀರಜಿನಿಂದ ರೈಲಿನ ಮೇಲೆ ಕುಡಿಯುವ ನೀರು ಬಂದುದನ್ನು ನಾವು ಮರೆತಿಲ್ಲ. ನಿಂಬೆಯ ಹುಳಿಯುಪ್ಪನ್ನು ಕದಡಿ ಎರಡು ಸಲ ಹಾಯಿಸಿದೊಡನೆ ಯಂತ್ರ ಮೊದಲಿನಂತಾಯಿತು. ದೋಷ ಸಾಧನದ್ದಲ್ಲ, ಆರೈಕೆಯದು ಎಂಬುದು ಅವನಿಗೆ ಅಂದು ಮೊದಲು ತಿಳಿಯಿತು.

ಎರಡನೆಯ ಯಂತ್ರ ಬಂದಾಗ ನಡೆದುದನ್ನು ನಾನು ಹತ್ತಿರದಿಂದ ಕಂಡೆನು. ಅದರ ಬಟ್ಟಲಿಗೆ ಒಂದೇ ತಳ. ಅಲ್ಲದೆ ಬಟ್ಟಲನ್ನು ಹಿಡಿಯುವ ಹಿಡಿಕೆಯ ಕೆಳಭಾಗವನ್ನೂ ಕೊರೆದು ತೆಗೆದಿರುವ ಬಗೆಯದನ್ನು ಅವನು ಬೇಕೆಂದೇ ಆರಿಸಿ ತಂದಿದ್ದನು. ಮೊದಲ ಮುಂಜಾನೆ ಗುಂಡಿ ಒತ್ತಿದಾಗ, ಬಟ್ಟಲಿನ ಒಂದು ಅಂಚಿನಿಂದ ತಿಳಿಹಳದಿಯ ದಾರದಂತಹ ಚಿಲುಮೆಯೊಂದು ಚಿಮ್ಮಿ ಅವನ ಬಿಳಿಯ ಅಂಗಿಯ ಮೇಲೆ ಬಿತ್ತು. ಇನ್ನೊಂದು ಅಂಚಿನಲ್ಲಿ ಹನಿಯೂ ಕಾಣಿಸಲಿಲ್ಲ. ಹತ್ತೇ ಸೆಕೆಂಡಿನಲ್ಲಿ ಬಟ್ಟಲು ತುಂಬಿತು, ಬಾಯಿಗಿಟ್ಟರೆ ಹುಳಿ. ಪುಡಿಯ ಬಿಲ್ಲೆಯಲ್ಲಿ ಎಲ್ಲಿ ಸಡಿಲವಿದೆಯೋ ಅಲ್ಲಿಯೇ ನೀರು ದಾರಿ ಮಾಡಿಕೊಂಡು ಓಡುವುದೆಂದೂ, ಉಳಿದ ಪುಡಿ ಒದ್ದೆಯಾದರೂ ರಸ ಬಿಡದೆ ಉಳಿಯುವುದೆಂದೂ ಅವನು ನನಗೆ ತೋರಿಸಿಕೊಟ್ಟನು. ಎರಡು ವರ್ಷ ಹೊನ್ನಿನ ನೊರೆಯನ್ನು ತೆಗೆದ ಕೈ ಅದೇ, ಬೀಜ ಅದೇ, ನೀರೂ ಅದೇ. ಎರಡು ವರ್ಷವೂ ಅವನ ಒತ್ತುವಿಕೆ ಓರೆಯಾಗಿಯೇ ಇತ್ತು. ಹಳೆಯ ಬಟ್ಟಲು ಅದನ್ನು ಮುಚ್ಚಿಟ್ಟಿತ್ತು. ಹೊಸ ಬಟ್ಟಲು ಅದನ್ನು ಅಂಗಿಯ ಮೇಲೆ ಬರೆದು ತೋರಿಸಿತು.

ಆಮೇಲೆ ಮೂರು ತಿಂಗಳು ಅವನು ಪಟ್ಟ ಪಾಡನ್ನು ನಾನು ಸುಲಭವಾಗಿ ಮರೆಯಲಾರೆ. ದಿನವೂ ತಕ್ಕಡಿಯಲ್ಲಿ ತೂಗಿ, ಸಣ್ಣ ಸೂಜಿಗಳ ಕಟ್ಟಿನಿಂದ ಪುಡಿಯ ಗಂಟುಗಳನ್ನು ಒಡೆದು, ಮಟ್ಟಮಾಡಿ, ಮೊಣಕೈಯನ್ನು ನೆಟ್ಟಗಿಟ್ಟು ಒತ್ತಿ, ಬಟ್ಟಲಿನ ತಳಕ್ಕೆ ಕಣ್ಣಿಟ್ಟು ನೋಡುವನು. ಗ್ರೈಂಡರನ್ನು ಒಂದು ಗೆರೆಯಷ್ಟು ತಿರುಗಿಸುವನು, ಮತ್ತೆ ಮಾಡುವನು. ಒಂದು ದಿನ ಬಟ್ಟಲಿನ ತಳದ ತುಂಬ ಗಾಢ ಕಂದುಬಣ್ಣದ ಹನಿಗಳು ಒಮ್ಮೆಗೇ ಬೆವರಿನಂತೆ ಒಸರಿ, ನಡುವಿಗೆ ಕೂಡಿಕೊಂಡು, ಒಂದೇ ಎಳೆಯಾಗಿ, ಜೇನಿನಂತೆ ಇಳಿದವು. ಅವನು ಮಾತಾಡಲಿಲ್ಲ, ಕೈಸನ್ನೆಯಿಂದ ನನ್ನನ್ನು ಕರೆದು ತೋರಿಸಿದನು. ನೆರೆಯವರ ದೇವಣಿ ಹಸುವಿನ ಹಾಲನ್ನು ಕಾಯಿಸಿ ಬೆರೆಸಿ ಕೊಟ್ಟ ಅಂದಿನ ಕಾಫಿಯ ರುಚಿ ಚಹಾದ ನಾಲಗೆಯುಳ್ಳ ನನಗೂ ತಿಳಿಯಿತು.

ಇದರಿಂದ ನನಗೊಂದು ಸಂಗತಿ ಹೊಳೆಯಿತು. ‘ಮೇಲಿನ’ ಸಾಧನವೆಂದರೆ ಕೆಲಸವನ್ನು ಹಗುರಮಾಡುವುದು ಎಂದು ಲೋಕದ ಎಣಿಕೆ. ಇಲ್ಲಿ ನಡೆದುದು ಅದಕ್ಕೆ ವಿರುದ್ಧ. ಕೆಳಗಿನ ಸಾಧನ ತಾಯಿಯಂತೆ ತಪ್ಪನ್ನು ಮುಚ್ಚಿತು. ಮೇಲಿನ ಸಾಧನ ಗುರುವಿನಂತೆ ತಪ್ಪನ್ನು ತೆರೆಯಿತು. ಮುಚ್ಚುವುದೂ ಒಂದು ಕಾಲಕ್ಕೆ ಬೇಕು. ಮೊದಲ ದಿನವೇ ಚಿಲುಮೆ ಅಂಗಿಯ ಮೇಲೆ ಬಿದ್ದಿದ್ದರೆ ಹುಡುಗನು ಆ ಕೆಲಸವನ್ನೇ ಬಿಟ್ಟು ಚಹಾಕ್ಕೆ ಮರಳುತ್ತಿದ್ದನೆಂಬುದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಶಾಸ್ತ್ರಕಾರರು ಇದನ್ನೇ ಅಧಿಕಾರಭೇದವೆಂದು ಕರೆದರು. ಮದುವೆಯಲ್ಲಿ ವಧುವಿಗೆ ಅರುಂಧತಿಯನ್ನು ತೋರಿಸುವಾಗ, ಮೊದಲು ಹತ್ತಿರದ ದೊಡ್ಡ ಚುಕ್ಕೆಯೊಂದನ್ನು ತೋರಿಸಿ, ಕಣ್ಣು ಅಲ್ಲಿ ನಿಂತ ಮೇಲೆ, “ಅದಲ್ಲ, ಅದರ ಮಗ್ಗುಲದು” ಎಂದು ಸೂಕ್ಷ್ಮವಾದ ಚುಕ್ಕೆಯ ಕಡೆಗೆ ದೃಷ್ಟಿಯನ್ನು ಸರಿಸುವರಷ್ಟೆ. ಸ್ಥೂಲಾರುಂಧತೀ ನ್ಯಾಯವೆಂದು ವೇದಾಂತಿಗಳು ಹೇಳುವುದು ಇದನ್ನೇ. ಸ್ಥೂಲವನ್ನು ಹಿಡಿದು ಸೂಕ್ಷ್ಮಕ್ಕೆ ಹೋಗು, ಸೂಕ್ಷ್ಮವು ಸಿಕ್ಕಿದ ಮೇಲೆ ಸ್ಥೂಲವನ್ನು ಬಿಡು. ಈ ನ್ಯಾಯವನ್ನೊಪ್ಪಿದರೆ ಹುಡುಗನ ಪ್ರಶ್ನೆಗೆ ಉತ್ತರ ಸುಲಭ: ಕೈ ಮೇಲೇರಿತು, ಯಂತ್ರವೂ ಮೇಲೇರಲಿ.

ಆದರೆ ನಮ್ಮ ಮನೆಯ ಧರ್ಮ ಈ ನ್ಯಾಯವನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ನನ್ನ ಮನಸ್ಸು ತಡೆದು ನಿಂತದ್ದು ಇಲ್ಲಿ. ವೀರಶೈವ ಮಾರ್ಗದಲ್ಲಿ ಮೆಟ್ಟಿಲುಗಳಿಲ್ಲವೆಂದಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳುಂಟು. ಒಂದೊಂದಕ್ಕೂ ಒಂದೊಂದು ಭಕ್ತಿ. ಭಕ್ತನದು ಶ್ರದ್ಧೆ, ಮಹೇಶನದು ನಿಷ್ಠೆ, ಪ್ರಸಾದಿಯದು ಅವಧಾನ, ಪ್ರಾಣಲಿಂಗಿಯದು ಅನುಭಾವ, ಶರಣನದು ಆನಂದ, ಐಕ್ಯನದು ಸಮರಸ. ಇದಕ್ಕಿಂತ ನಯವಾಗಿ ಕಡೆದ ಸೋಪಾನವನ್ನು ನಾನು ಬೇರೆ ಯಾವ ಮತದಲ್ಲಿಯೂ ಕಂಡಿಲ್ಲ. ಆದರೆ ಆ ಸೋಪಾನವನ್ನು ಏರುವವನ ಅಂಗೈಯಲ್ಲಿ, ಎಂದರೆ ಕರಸ್ಥಲದಲ್ಲಿ, ಇರುವುದೇನು? ದೀಕ್ಷೆಯ ದಿನ ಗುರು ಕೈಗೆ ಕೊಟ್ಟ ಇಷ್ಟಲಿಂಗ. ಭಕ್ತಸ್ಥಲದಲ್ಲಿದ್ದವನಿಗೊಂದು, ಶರಣಸ್ಥಲಕ್ಕೇರಿದವನಿಗೆ ಮತ್ತೊಂದು ಎಂಬುದಿಲ್ಲ. ಶ್ರದ್ಧೆಯಿಂದ ಅದನ್ನು ನೋಡಿದ ಕಣ್ಣೇ ನಿಷ್ಠೆಯಿಂದ ನೋಡುವುದು, ಅವಧಾನದಿಂದ ನೋಡುವುದು. ನೋಟ ಬಲಿತಂತೆ ಅದೇ ಲಿಂಗವು ಆಚಾರಲಿಂಗವೆಂದೂ ಗುರುಲಿಂಗವೆಂದೂ ಶಿವಲಿಂಗವೆಂದೂ, ಕಡೆಗೆ ಮಹಾಲಿಂಗವೆಂದೂ ಹೆಸರನ್ನು ಪಡೆಯುವುದು. ಕರಿಯ ಕಂತಿಯ ಲೇಪದ ಆ ಸಣ್ಣ ಗುಂಡು ಮಾತ್ರ ಮೊದಲ ದಿನ ಹೇಗಿತ್ತೋ ಹಾಗೆಯೇ ಇರುವುದು. ಆರು ಸ್ಥಲಗಳನ್ನು ಏರುವವನು ಸಾಧಕ. ಸಾಧನವು ನಿಂತಲ್ಲೇ ನಿಂತಿರುತ್ತದೆ, ಮತ್ತು ಅದು ನಿಂತಿರುವುದರಿಂದಲೇ ಸಾಧಕನಿಗೆ ತಾನೆಷ್ಟು ಸರಿದೆನೆಂಬುದು ಅಳತೆಗೆ ಸಿಕ್ಕುತ್ತದೆ.

ನಮ್ಮ ಅವ್ವನ ಲಿಂಗದ ಸಂಗತಿ ನನಗೆ ನೆನಪಾಯಿತು. ಬಹಳ ವರ್ಷ ಅವಳು ಅದನ್ನು ಲಿಂಗವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಅಣ್ಣನಿಗೆ ನೌಕರಿ ಸಿಕ್ಕ ವರ್ಷ ಅವನು ಅವಳಿಗಾಗಿ ಬೆಳ್ಳಿಯ ಗುಂಡಗಡಗಿಯನ್ನು ಮಾಡಿಸಿ ತಂದನು. ಕರಡಿಗೆಯೆಂದು ಪುಸ್ತಕಗಳಲ್ಲಿ ಬರೆಯುವುದನ್ನು ನಮ್ಮ ಕಡೆ ಹೀಗೆ ಕರೆಯುವರು. ಓಣಿಯ ಹೆಂಗಸರು ಬಂದು ಅದರ ಕೆತ್ತನೆಯನ್ನು ಮುಟ್ಟಿ ನೋಡಿ ಹೊಗಳಿದರು. ಅವ್ವನಿಗೂ ಹಿಗ್ಗಾಯಿತು, ಮಗ ಪ್ರೀತಿಯಿಂದ ತಂದುದನ್ನು ಅವಳು ಅಲ್ಲಗಳೆಯುವ ಸ್ವಭಾವದವಳಲ್ಲ. ಆದರೆ ಆ ದಿನ ಸಂಜೆ ಪೂಜೆಗೆ ಕುಳಿತು ಬೆಳ್ಳಿಯ ಮುಚ್ಚಳವನ್ನು ತೆಗೆದವಳು, “ಮ್ಯಾಲಿಂದು ಹೊಸಾದಾಗ್ಯದ, ಒಳಗಿಂದು ಅದೇ ಅದ” ಎಂದಳು. ಅಷ್ಟು ಹೇಳಿ ಎಡಗೈಯ ಅಂಗೈಯಲ್ಲಿ ಲಿಂಗವನ್ನಿಟ್ಟು ದೃಷ್ಟಿ ನೆಟ್ಟಳು.

ಆ ಅಂಗೈಯನ್ನು ನಾನು ಇನ್ನೊಂದು ಮುಂಜಾನೆಯೂ ಕಂಡಿದ್ದೇನೆ. 1993ರ ಸೆಪ್ಟೆಂಬರ್ 30. ಹಿಂದಿನ ರಾತ್ರಿ ಗಣಪತಿಯನ್ನು ಬಿಟ್ಟು ಬಂದು ಊರೆಲ್ಲ ಮಲಗಿತ್ತು. ನಸುಕಿನಲ್ಲಿ, ನಾಲ್ಕಕ್ಕೆ ಇನ್ನು ನಾಲ್ಕು ನಿಮಿಷವಿರುವಾಗ, ಭೂಮಿ ನಡುಗಿತು. ಕಿಲ್ಲಾರಿಯೂ ಸಾಸ್ತೂರವೂ ಸುತ್ತಲಿನ ಹಳ್ಳಿಗಳೂ ಕಲ್ಲುಮಣ್ಣಿನ ಗೋಡೆಗಳ ಕೆಳಗೆ ಹೂತುಹೋದವು. ಸುಮಾರು ಹತ್ತು ಸಾವಿರ ಜನ ಮಡಿದರು. ನಮ್ಮ ಮನೆಯ ದೇವರಕೋಣೆಯ ಗೋಡೆ ಕುಸಿಯಿತು. ನಾವು ಜೀವ ಉಳಿಸಿಕೊಂಡು ಬಯಲಿನಲ್ಲಿ ನಿಂತೆವು. ಬೆಳಗಾಯಿತು. ವಿಭೂತಿಯ ಗಟ್ಟಿ, ಬಿಲ್ವಪತ್ರೆಯ ಬುಟ್ಟಿ, ತಾಮ್ರದ ಗಿಂಡಿ, ಆರತಿ, ಗಂಟೆ, ಪೂಜೆಯ ಮಣೆ ಎಲ್ಲವೂ ಮಣ್ಣಿನೊಳಗಿದ್ದವು. ಅವ್ವ ಬೇವಿನ ಮರದ ಕೆಳಗೆ ಕುಳಿತು, ಯಾರೋ ತಂದುಕೊಟ್ಟ ಪ್ಲಾಸ್ಟಿಕ್ ಚೊಂಬಿನ ನೀರಿನಿಂದ ಕೈ ತೊಳೆದುಕೊಂಡು, ಕೊರಳಿನಿಂದ ಲಿಂಗವನ್ನು ತೆಗೆದು, ಅಂಗೈಯಲ್ಲಿಟ್ಟು, ಒಂದು ಬೊಗಸೆ ನೀರೆರೆದಳು. ಹೂವಿಲ್ಲ, ಪತ್ರೆಯಿಲ್ಲ. ಕಣ್ಣು ಅಂಗೈಯಿಂದ ಕದಲಲಿಲ್ಲ. ಅಷ್ಟು ಹೊತ್ತಿಗೆ ಸಾಸ್ತೂರಿನ ಕಡೆಯಿಂದ ಸುದ್ದಿ ಬರತೊಡಗಿತ್ತು. ಸುತ್ತಲೂ ಅಳು ಕೇಳುತ್ತಿತ್ತು. ಅವಳು ಎಂದಿನಷ್ಟೇ ಹೊತ್ತು ಕುಳಿತಿದ್ದಳು. ನಾಲ್ವತ್ತು ವರ್ಷ ಆ ಎಲ್ಲ ಉಪಕರಣಗಳ ನಡುವೆ ಮಾಡಿದ ಪೂಜೆಗೂ ಅಂದಿನ ಪೂಜೆಗೂ ಅವಳ ಮುಖದಲ್ಲಿ ನಾನು ಭೇದವನ್ನು ಕಾಣಲಿಲ್ಲ. ಪೂಜೆ ಮುಗಿಸಿ ಎದ್ದವಳೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೀಸಿದ ಹಿಟ್ಟು ಯಾರ ಮನೆಯಲ್ಲಿ ಉಳಿದಿದೆಯೆಂದು ಕೇಳುತ್ತ ಹೋದಳು. ಆ ಸಂಜೆ ನಮ್ಮ ಓಣಿಯಿಂದ ರೊಟ್ಟಿಯ ಗಂಟುಗಳು ಸಾಸ್ತೂರಿಗೆ ಹೋದವು.

ಕೌಶಲ ಬಲಿತಂತೆ ಸಾಧನವನ್ನು ಬದಲಿಸುವ ಅವಶ್ಯಕತೆ ಕಡಿಮೆಯಾಗುವುದೆಂಬ ವಿಚಾರ ನಮ್ಮ ಪಂಗಡದ ಸ್ವತ್ತಲ್ಲ. ಚೀನಾ ದೇಶದ ಪ್ರಾಚೀನ ತತ್ತ್ವಜ್ಞನಾದ ಚ್ವಾಂಗ್ ತ್ಸುವಿನ ಗ್ರಂಥದಲ್ಲಿ ಅರಸನ ಬಾಣಸಿಗನೊಬ್ಬನ ಕಥೆಯಿದೆ. ಸಾಧಾರಣ ಬಾಣಸಿಗನು ಕಡಿಯುವವನಾದುದರಿಂದ ತಿಂಗಳಿಗೊಂದು ಕತ್ತಿಯನ್ನು ಬದಲಿಸುವನಂತೆ; ಒಳ್ಳೆಯವನು ಕೊಯ್ಯುವವನಾದುದರಿಂದ ವರ್ಷಕ್ಕೊಂದು; ಇವನ ಕೈಯಲ್ಲಿರುವುದಾದರೋ ಹತ್ತೊಂಬತ್ತು ವರ್ಷದ ಕತ್ತಿ, ಈಗತಾನೆ ಸಾಣೆಯಿಂದ ಬಂದಂತಿದೆ. ಕೀಲುಗಳ ನಡುವೆ ಎಲ್ಲಿ ಬಯಲಿದೆಯೆಂಬುದು ಅವನಿಗೆ ತಿಳಿದಿದೆ. ಕತ್ತಿ ಎಲುಬನ್ನು ಮುಟ್ಟುವುದೇ ಇಲ್ಲ. ಅವನ ವೃತ್ತಿ ಅಹಿಂಸೆಯ ನಮಗೆ ಒಗ್ಗದಿದ್ದರೂ, ಅವನ ಮಾತನ್ನು ನಮ್ಮ ಅವ್ವ ಕೇಳಿದ್ದರೆ ಒಪ್ಪುತ್ತಿದ್ದಳು.

ಇಷ್ಟನ್ನೂ ನಾನು ಒಂದು ಸಂಜೆ ಹುಡುಗನಿಗೆ ಹೇಳಿದಾಗ, ಅವನು ವಿನಯದಿಂದಲೇ ಆದರೂ ಬಿಗಿಯಾದ ಆಕ್ಷೇಪವೊಂದನ್ನೆತ್ತಿದನು. “ಕಾಕಾ, ಲಿಂಗದಾಗ ಕೊರತಿ ಇಲ್ಲ. ಮಿಷಿನ್‌ನಾಗ ಕೊರತಿ ಅದ” ಎಂದನು. ಅವನ ಮಾತಿನ ತಾತ್ಪರ್ಯವಿಷ್ಟು: ಕಾಫಿಗೆ ನೀರು 90ರಿಂದ 96 ಡಿಗ್ರಿಯ ಒಳಗಿರಬೇಕು; ಅವನ ಯಂತ್ರದಲ್ಲಿ ಒಂದೇ ಬಾಯ್ಲರು, ಅದರ ಶಾಖ ಒಂದೇ ಸಮನಾಗಿ ನಿಲ್ಲದೆ ಏರಿಳಿಯುತ್ತಿರುವುದು; ಹಾಲಿಗೆ ಆವಿ ಬೇಕಾದರೆ ಅದೇ ಬಾಯ್ಲರನ್ನು ಇನ್ನೂ ಕಾಯಿಸಿ, ಮತ್ತೆ ಕಾಫಿಗಾಗಿ ಆರಿಸಬೇಕು. ಹೊಸ ಯಂತ್ರದಲ್ಲಾದರೆ ಕಾಫಿಗೊಂದು, ಆವಿಗೊಂದು ಬಾಯ್ಲರು. ಶಾಖವನ್ನು ಕಾಯ್ದುಕೊಳ್ಳುವ ವಿದ್ಯುನ್ಮಾನದ ಏರ್ಪಾಡು ಬೇರೆ. ಕಬ್ಬಿಣದ ಕೊರತೆಯನ್ನು ಕೈಯ ಕೌಶಲ ಎಷ್ಟೆಂದು ತುಂಬೀತು?

ಇದು ತಳ್ಳಿಹಾಕುವ ಮಾತಲ್ಲ. ಯಂತ್ರವೆಂಬುದು ಲಿಂಗದಂತೆ ಪೂರ್ಣವಸ್ತುವಲ್ಲ. ಮುರಿದ ಕುಂಟೆಯಿಂದ ಹರಗುತ್ತ ಕೂಡುವುದು ವೈರಾಗ್ಯವೂ ಅಲ್ಲ, ಒಕ್ಕಲುತನವೂ ಅಲ್ಲ. ಕಾಯಕವನ್ನು ಕೈಲಾಸವೆಂದು ಬಗೆದವರು ಕಾಯಕದ ಉಪಕರಣವನ್ನು ಕಡೆಗಣಿಸಿದವರಲ್ಲ. ಆದರೂ ನಾನು ಅವನನ್ನು ಎರಡು ಪ್ರಶ್ನೆ ಕೇಳಿದೆನು. ಮೊದಲನೆಯದು: ಶಾಖ ಏರಿಳಿಯುವ ಈ ಯಂತ್ರದಲ್ಲಿಯೂ ದಿನವೂ ಒಳ್ಳೆಯ ಬಟ್ಟಲನ್ನು ಇಳಿಸುತ್ತಿರುವೆಯಲ್ಲ, ಅದು ಹೇಗೆ? ಬಾಯ್ಲರಿನ ದೀಪ ಆರಿದ ಮೇಲೆ ಇಷ್ಟು ಸೆಕೆಂಡು ಎಣಿಸಿ, ಸ್ವಲ್ಪ ನೀರನ್ನು ಹೊರಗೆ ಬಿಟ್ಟು, ಆಮೇಲೆ ಗುಂಡಿ ಒತ್ತುವೆನೆಂದನು. ಆ ಎಣಿಕೆಯನ್ನು ಅವನಿಗೆ ಯಾರೂ ಕಲಿಸಿರಲಿಲ್ಲ; ಯಂತ್ರದ ಕೊರತೆಯೇ ಕಲಿಸಿತ್ತು. ಕಿವಿಯಿಂದ ಬಾಯ್ಲರಿನ ಸದ್ದನ್ನು ಅಳೆಯುವ ಆ ಎಚ್ಚರಕ್ಕೆ ಅವಧಾನವೆನ್ನದೆ ಬೇರೇನೆನ್ನಬೇಕು? ಬಟ್ಟಲಿನ ಎರಡನೆಯ ತಳ ಹೋದುದರಿಂದ ಅವನ ತಪ್ಪು ಅವನಿಗೆ ಕಂಡಿತು. ಆ ಎರಡನೆಯ ಯಂತ್ರವನ್ನು ಕೊಂಡುದು ನಿಶ್ಚಯವಾಗಿ ಬರೋಬರಿಯಾಗಿತ್ತು. ಮೂರನೆಯದು ಅವನಿಗೆ ಯಾವ ಹೊಸ ತಪ್ಪನ್ನೂ ತೋರಿಸದು. ಅವನು ಈಗ ಮಾಡುತ್ತಿರುವ ಎಣಿಕೆಯೊಂದನ್ನು ಅವನಿಂದ ತೆಗೆದುಕೊಂಡು ತಾನೇ ಮಾಡುವುದು.

ಎರಡನೆಯ ಪ್ರಶ್ನೆ ಇನ್ನೂ ಸಣ್ಣದು: ಈ ಕಾಫಿಯನ್ನು ಕುಡಿಯುವವರು ಯಾರು? ಆಯ್ದಕ್ಕಿಯ ಲಕ್ಕಮ್ಮ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಗಂಡನನ್ನು ತಡೆದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಕಳುಹಿಸಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವಳು ಹೆಚ್ಚು ಎಂದುದು ಯಾವ ಅಳತೆಯಿಂದ? ಅಂದಿನ ದಾಸೋಹಕ್ಕೆ ಬೇಕಾದುದೆಷ್ಟು ಎಂಬ ಅಳತೆಯಿಂದ. ಅಕ್ಕಿ ಹೆಚ್ಚಾದುದು ದೋಷವಲ್ಲ. ಉಣ್ಣುವವರ ಎಣಿಕೆಯನ್ನು ಬಿಟ್ಟು ತರುವವನ ಬಯಕೆಗೆ ಅಳತೆಯನ್ನು ಒಪ್ಪಿಸಿದುದು ದೋಷ. ನಮ್ಮ ಮನೆಯಲ್ಲಿ ಉಳಿದವರೆಲ್ಲ ಚಹಾದವರು. ಹಬ್ಬಕ್ಕೋ ಬೀಗರು ಬಂದಾಗಲೋ ಎಂಟು ಹತ್ತು ಜನಕ್ಕೆ ಒಮ್ಮೆಗೆ ಕಾಫಿ ಕೊಡಬೇಕಾಗಿ, ಕಡೆಯವರಿಗೆ ಬಟ್ಟಲು ಮುಟ್ಟುವಷ್ಟರಲ್ಲಿ ಮೊದಲಿನವರದು ಆರಿಹೋಗುವಂತಾದರೆ, ಎರಡು ಬಾಯ್ಲರಿನ ಯಂತ್ರ ಅಂದು ಯುಕ್ತವಾದೀತು. ಆಗ ನಾನೇ ಅರ್ಧ ಹಣ ಕೊಡುವೆನು. ದಿನಕ್ಕೆರಡು ಬಟ್ಟಲನ್ನು ತಾನೊಬ್ಬನೇ ಕುಡಿಯುವವನಿಗೆ ಇರುವುದೇ ಸಾಕು.

ಇಷ್ಟಲಿಂಗಕ್ಕೆ ರೂಪ, ಪ್ರಾಣಲಿಂಗಕ್ಕೆ ರುಚಿ, ಭಾವಲಿಂಗಕ್ಕೆ ತೃಪ್ತಿ ಎಂದು ಅರ್ಪಣೆಯ ಕ್ರಮವನ್ನು ನಮ್ಮವರು ಹೇಳುವರು. ಯಂತ್ರವು ರೂಪವನ್ನು ತಿದ್ದೀತು, ರುಚಿಯನ್ನೂ ಸ್ವಲ್ಪ ತಿದ್ದೀತು. ತೃಪ್ತಿಯನ್ನು ಅಂಗಡಿಯಿಂದ ತರಿಸಲು ಬರುವುದೇ ಎಂಬುದನ್ನು ಅವನೇ ಯೋಚಿಸಲೆಂದು ಬಿಟ್ಟೆನು. ಹುಡುಗನು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಸದ್ಯ ಬ್ಯಾಡ” ಎಂದನು. ಅವನು ನನ್ನ ಮಾತಿಗೆ ಒಪ್ಪಿದನೋ, ಹಿರಿಯನೆಂದು ಗೌರವಿಸಿದನೋ ಹೇಳಲಾರೆ. ಆ ಬಳಿಕ ಒಂದು ದಿನ ಅವನು ದೇವರಕೋಣೆಯ ಅಲಮಾರಿಯಿಂದ ಅಜ್ಜಿಯ ಗುಂಡಗಡಗಿಯನ್ನು ತೆಗೆದು ಕೈಯಲ್ಲಿ ಹಿಡಿದು ನೋಡುತ್ತಿದ್ದುದನ್ನು ಮಾತ್ರ ಕಂಡೆನು. ಅದು ಬರಿದಾಗಿದೆ. ಅವ್ವ ಲಿಂಗೈಕ್ಯಳಾದ ದಿನ, ಹೊಲದ ಬದಿಯ ಸಮಾಧಿಯಲ್ಲಿ ಅವಳನ್ನು ಕೂಡಿಸಿದಾಗ, ಅಯ್ಯನವರು ಬೆಳ್ಳಿಯ ಗುಂಡಗಡಗಿಯನ್ನು ನಮ್ಮ ಕೈಗೆ ಕೊಟ್ಟು, ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟು ಮಣ್ಣು ಕೊಟ್ಟರು.

ಅವನ ಮೊದಲಿನ ಸಣ್ಣ ಯಂತ್ರವು, ಎರಡು ತಳದ ಬಟ್ಟಲಿನೊಡನೆ, ಈ ಯುಗಾದಿಗೆ ಉದಗೀರಿಗೆ ಹೋಯಿತು; ಅಲ್ಲಿ ಓದುತ್ತಿರುವ ಅವನ ತಂಗಿ ಈಗ ಅದರಲ್ಲಿ ಕಲಿಯುತ್ತಿದ್ದಾಳೆ. ಮೊದಲ ದಿನವೇ ನೊರೆ ಬಂತೆಂದು ಅವಳು ಫೋನು ಮಾಡಿ ಹೇಳಿದಳು.